ಹಳೇ ಹಡಗು: ನಮ್ಮ ಮೇಲೆ ಬಿದ್ದ ಕಸವಾ, ನಾವು ಕೊಂಡ ಮಾಲಾ?

ಪ್ರಶ್ನೆ: ಶ್ರೀಮಂತ ದೇಶಗಳು ತಮ್ಮ ಹಳೇ ಹಡಗುಗಳನ್ನು ಗುಜರಾತಿನ ಅಲಂಗ್‌ಗೆ, ಬಾಂಗ್ಲಾದೇಶಕ್ಕೆ ತಂದು ಬಿಸಾಕುತ್ತವೆ ಎಂದು ಓದಿದ್ದೇನೆ. ಅಷ್ಟು ದೊಡ್ಡ ಕಸವನ್ನು ನಾವೇಕೆ ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತೇವೆ?

ಉತ್ತರ: 'ಬಿಸಾಕುತ್ತವೆ' ಎನ್ನುವ ಮಾತೊಂದನ್ನು ಮೊದಲು ತಿದ್ದಿಕೊಳ್ಳೋಣ. ಗುಜರಿಯವನು ಬೀದಿಯಲ್ಲಿ ಕೂಗಿಕೊಂಡು ಬಂದಾಗ ಹಳೇ ಪೇಪರನ್ನು ನಾವೇನು ಬಿಸಾಕುತ್ತೇವಾ? ತಕ್ಕಡಿಯ ಮುಳ್ಳು ನೋಡಿಕೊಂಡು ದುಡ್ಡು ಎಣಿಸಿಕೊಳ್ಳುತ್ತೇವೆ. ಹಡಗಿನದೂ ಅದೇ ಕಥೆ. ಸರಕು, ಎಣ್ಣೆ, ನೀರು ಎಲ್ಲ ಕಳೆದು ಬರೀ ಹಡಗು ಎಷ್ಟು ಟನ್ ತೂಗುತ್ತದೆ ಎಂದು ನೋಡಿ, ಟನ್ನಿಗೆ ಇಷ್ಟು ಡಾಲರ್ ಎಂದು ವ್ಯಾಪಾರ ಕುದುರುತ್ತದೆ. ಟನ್ನಿಗೆ 400 ಡಾಲರ್ ಅಂತ ಇಟ್ಟುಕೊಂಡರೂ 10,000 ಟನ್ನಿನ ಹಡಗಿಗೆ 40 ಲಕ್ಷ ಡಾಲರ್ ಆಯಿತು. ಕೊಡುವವರು ಇಲ್ಲಿಯವರು, ಎಣಿಸಿಕೊಳ್ಳುವವರು ಅಲ್ಲಿಯವರು.

ಇಷ್ಟು ದುಡ್ಡು ಸುರಿದು ತರಿಸುವಂಥದ್ದು ಅದರಲ್ಲಿ ಏನಿದೆ? ಎಲ್ಲರೂ ಮೊದಲು ಹೇಳುವುದು ಸಮುದ್ರದ ಕಥೆ. ಅಲಂಗ್ ಇರುವ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ನಡುವಿನ ಅಂತರ ಸುಮಾರು 10 ಮೀಟರ್, ಅಂದರೆ ಮೂರು ಅಂತಸ್ತಿನ ಮನೆಯಷ್ಟು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ನೋಡಿಕೊಂಡು ಹಡಗನ್ನು ಜೋರಾಗಿ ದಡಕ್ಕೆ ನುಗ್ಗಿಸುತ್ತಾರೆ. ನೀರು ಇಳಿದ ಮೇಲೆ ಹಡಗು ಕೆಸರಿನಲ್ಲಿ ಕೂತುಬಿಡುತ್ತದೆ, ಅಲ್ಲೇ ಅದನ್ನು ಕತ್ತರಿಸಿ ಬಿಚ್ಚುತ್ತಾರೆ. ಹಡಗುಕಟ್ಟೆ ಕಟ್ಟುವ ಖರ್ಚೇ ಇಲ್ಲ. 1983ರಿಂದ ಅಲಂಗ್‌ನಲ್ಲಿ ನಡೆದಿರುವುದು ಹೀಗೇ.

ಆದರೆ ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಉಬ್ಬರ ಇದಕ್ಕಿಂತ ಜಾಸ್ತಿ. ಅಲ್ಲಿಗೆ ಯಾರೂ ಹಡಗುಗಳನ್ನು ಸಾಲಾಗಿ ತಂದು ನುಗ್ಗಿಸುವುದಿಲ್ಲ, ಅಲ್ವಾ? ಕೂಲಿ ಅಗ್ಗ ಎನ್ನುವುದೂ ಅರ್ಧ ಉತ್ತರವೇ. ಅಗ್ಗದ ಕೂಲಿ ಸಿಗುವ ಸಮುದ್ರ ತೀರಗಳು ಆಫ್ರಿಕಾದ ಉದ್ದಕ್ಕೂ ಇವೆ. ನನ್ನ ಪ್ರಕಾರ ಉಳಿದರ್ಧ ಉತ್ತರ ದಡದ ಆಚೆಗಿದೆ: ಹಡಗಿನಿಂದ ಬಿಚ್ಚಿದ ಪ್ರತಿಯೊಂದಕ್ಕೂ ಇಲ್ಲಿ ಮುಂದಿನ ಗಿರಾಕಿ ಕಾದಿರುತ್ತಾನೆ.

ಹಡಗಿನ ಮೈಯಿಂದ ಕತ್ತರಿಸಿದ ಒಂದು ಉಕ್ಕಿನ ಹಲಗೆಯನ್ನೇ ನೋಡಿ. ಯುರೋಪಿನಲ್ಲಾದರೆ ಅದು ಕುಲುಮೆಗೆ ಹೋಗಿ ಕರಗಬೇಕು. ಇಲ್ಲಿ ಒಳ್ಳೆಯ ಹಲಗೆಯನ್ನು ಸಾಮಾನ್ಯವಾಗಿ ಕರಗಿಸುವುದಿಲ್ಲ. ಪಟ್ಟಿಗಳಾಗಿ ಕತ್ತರಿಸಿ, ಕೆಂಪಗೆ ಕಾಯಿಸಿ, ರೋಲಿಂಗ್ ಮಿಲ್ಲಿನ ಉರುಳೆಗಳ ನಡುವೆ ಎಳೆದರೆ ಆ ಕಡೆಯಿಂದ ಮನೆ ಕಟ್ಟುವ ಕಂಬಿ ಹೊರಬರುತ್ತದೆ. ಕರಗಿಸುವ ಅಷ್ಟೂ ಖರ್ಚು ಉಳಿಯಿತು. ಆ ಉಳಿತಾಯದಿಂದಲೇ ಹಡಗಿಗೆ ಹೆಚ್ಚು ಬೆಲೆ ಕೊಡಲು ಆಗುವುದು. ಬಾಂಗ್ಲಾದೇಶದಲ್ಲಂತೂ ಕಬ್ಬಿಣದ ಅದಿರಿನ ಗಣಿಯೇ ಇಲ್ಲ. ಸಮುದ್ರದಿಂದ ಬರುವ ಹಡಗೇ ಅವರ ಗಣಿ. ಅದು ಶುರುವಾದದ್ದೂ ಯಾರೋ ಕೂತು ಯೋಜನೆ ಹಾಕಿ ಅಲ್ಲ. 1960ರ ಚಂಡಮಾರುತ ಗ್ರೀಕ್ ಹಡಗೊಂದನ್ನು ಚಿತ್ತಗಾಂಗ್ ಹತ್ತಿರದ ಸೀತಾಕುಂಡದ ದಡಕ್ಕೆ ತಂದು ಎಸೆಯಿತು. ಕೆಲವು ವರ್ಷ ಅಲ್ಲೇ ಬಿದ್ದಿದ್ದ ಅದನ್ನು 1965ರಲ್ಲಿ ಅಲ್ಲಿಯವರೇ ಕೊಂಡು ಬಿಚ್ಚಿದರು.

ಇನ್ನು ಉಕ್ಕು ಬಿಟ್ಟು ಉಳಿದದ್ದು. ಅಲಂಗ್‌ಗೆ ಹೋಗುವ ರಸ್ತೆಯ ಎರಡೂ ಕಡೆ ಅಂಗಡಿಗಳ ಸಾಲು. ಹಾಸಿಗೆ, ಪಿಂಗಾಣಿ ತಟ್ಟೆ, ಫ್ರಿಜ್ಜು, ಕಮೋಡು, ಲೈಫ್ ಜಾಕೆಟ್ಟು, ಜನರೇಟರು. ಚಿತ್ತಗಾಂಗ್ ಪಕ್ಕದ ಭಾಟಿಯಾರಿಯಲ್ಲಿ ಹಡಗಿನ ಮೇಜು, ಬೀರುಗಳನ್ನು ಬಡಗಿಗಳು ಕಳಚಿ, ಕೊಯ್ದು, ಹೊಸ ಪೀಠೋಪಕರಣ ಮಾಡುತ್ತಾರೆ. ಅಲ್ಲಿಯ ಮಧ್ಯಮ ವರ್ಗದವರ ಹಾಲ್‌ಗೆ ಅದು ಹೋಗುತ್ತದೆ. ಇಂಥ ಪೇಟೆಯೇ ಇಲ್ಲದ ಕಡೆ ಅದೇ ಬೀರು ನಿಜಕ್ಕೂ ಕಸ. ಅದನ್ನು ಎತ್ತಿಸಲು ಮಾಲೀಕನೇ ದುಡ್ಡು ಕೊಡಬೇಕು.

ನಮ್ಮ ರಸ್ತೆಗಳಲ್ಲೂ ಇದರ ತುಣುಕು ಓಡಾಡಿದೆ. ಬ್ರಿಟನ್ನಿನಿಂದ ಕೊಂಡಿದ್ದ ವಿಮಾನವಾಹಕ ಹಡಗು ವಿಕ್ರಾಂತ್ 1997ರಲ್ಲಿ ನಿವೃತ್ತವಾಗಿ, 2014ರಲ್ಲಿ ಮುಂಬೈನಲ್ಲಿ ಒಡೆಯುವುದಕ್ಕೆ ಹೋಯಿತು. ಅದರ ಲೋಹವನ್ನು ಬಳಸಿದ್ದೇವೆ ಎಂದೇ ಬಜಾಜ್ ಕಂಪನಿ 2016ರಲ್ಲಿ 'ವಿ' ಬೈಕನ್ನು ಮಾರಿತು. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಮ್ಮ ಪಕ್ಕವೂ ಒಂದು ನಿಂತಿದ್ದಿರಬಹುದು.

ಹಾಗಾದರೆ ಎಲ್ಲ ಸರಿ ಇದೆಯಾ? ಇಲ್ಲ. ಮಾಲಿನ ಜೊತೆ ಬರುವ ಅಸ್ಬೆಸ್ಟಾಸು, ಕೊಳಕು ಎಣ್ಣೆ, ಟ್ಯಾಂಕಿನಲ್ಲಿ ಉಳಿದ ಗ್ಯಾಸು ಯಾವ ಬೆಲೆಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಉಸಿರಾಡುವವನು ಒಡಿಶಾದಿಂದಲೋ ಉತ್ತರ ಪ್ರದೇಶದಿಂದಲೋ ಬಂದು ಗ್ಯಾಸ್ ಕಟರ್ ಹಿಡಿದು ನಿಂತ ಹುಡುಗ. ಪಾಕಿಸ್ತಾನದ ಗಡಾನಿಯಲ್ಲಿ 2016ರ ನವೆಂಬರ್ 1ರಂದು ತೈಲದ ಹಡಗೊಂದು ಸಿಡಿದು ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ನೀವು 'ಬಿಸಾಕುತ್ತವೆ' ಎಂದದ್ದು ಇಲ್ಲಿಗೆ ಮಾತ್ರ ಸರಿಯಾಗಿ ಒಪ್ಪುತ್ತದೆ. ಹಡಗನ್ನು ಮಾರುತ್ತಾರೆ, ಅಪಾಯವನ್ನು ಬಿಸಾಕುತ್ತಾರೆ.

ಕಾನೂನು ಇಲ್ಲವೇ ಎಂದರೆ, ಇದೆ. ಯುರೋಪಿನ ಬಾವುಟ ಹಾರಿಸುವ ಹಡಗನ್ನು ಅವರು ಒಪ್ಪಿದ ಪಟ್ಟಿಯ ಅಂಗಳಗಳಲ್ಲೇ ಒಡೆಯಬೇಕೆಂದು 2013ರ ನಿಯಮ ಹೇಳುತ್ತದೆ. ಹಾಗಾಗಿ ಮಧ್ಯವರ್ತಿ ನಗದು ಕೊಟ್ಟು ಹಡಗು ಕೊಳ್ಳುತ್ತಾನೆ, ಕೊನೆಯ ಪ್ರಯಾಣಕ್ಕೆ ಕೊಮೊರೋಸ್ ಅಥವಾ ಪಲಾವು ದೇಶದ ಬಾವುಟ ಏರಿಸುತ್ತಾನೆ. ಕಾಗದದ ಮೇಲೆ ಅದೀಗ ಯುರೋಪಿನದೇ ಅಲ್ಲ! ಸರ್ಕಾರದ ಹಡಗಿಗೆ ಈ ಆಟ ಆಡುವುದು ಕಷ್ಟ. ಅಲಂಗ್‌ಗೆ ಹೊರಟಿದ್ದ ಫ್ರಾನ್ಸಿನ ಯುದ್ಧನೌಕೆ ಕ್ಲೆಮೆನ್ಸೋ ವಿರುದ್ಧ ಗಲಾಟೆಯಾದಾಗ ಅಲ್ಲಿಯ ಅಧ್ಯಕ್ಷ ಶಿರಾಕ್ 2006ರಲ್ಲಿ ಅದನ್ನು ವಾಪಸ್ ಕರೆಸಿದರು. ಕೊನೆಗೆ ಅದನ್ನು ಒಡೆದದ್ದು ಇಂಗ್ಲೆಂಡಿನಲ್ಲಿ.

ಹಡಗು ಒಡೆಯುವ ಕೆಲಸಕ್ಕೆ ನಿಯಮ ಹಾಕಲು 2009ರಲ್ಲಿ ಬರೆದ ಅಂತರರಾಷ್ಟ್ರೀಯ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್ 26ರಂದು ಜಾರಿಗೆ ಬಂತು. ಭಾರತ, ಬಾಂಗ್ಲಾದೇಶ ಎರಡೂ ಅದಕ್ಕೆ ಸೇರಿವೆ. ಹಡಗಿನಲ್ಲಿ ಯಾವ ವಿಷ ಎಲ್ಲೆಲ್ಲಿದೆ ಎಂಬ ಪಟ್ಟಿ ಈಗ ಹಡಗಿನ ಜೊತೆಗೇ ಬರಬೇಕು. ದಡಕ್ಕೆ ನುಗ್ಗಿಸಿ ಒಡೆಯುವುದನ್ನು ಮಾತ್ರ ಅದು ಬೇಡ ಎಂದಿಲ್ಲ. ಅಲಂಗ್‌ನಲ್ಲಿ ಇನ್ನೂ ಅಮಾವಾಸ್ಯೆ, ಹುಣ್ಣಿಮೆ ನೋಡಿಯೇ ಹಡಗು ಬರಮಾಡಿಕೊಳ್ಳುತ್ತಾರೆ.