ಸಲಕರಣೆಯ ಬೆಲೆ: ತಂತ್ರಾಂಶ ಯೋಜನೆಗಳನ್ನು ಯಾರು ಸಾಕಬೇಕು?

ಕಲಬುರಗಿ, ಬೀದರ್ ಭಾಗದಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಇಂಜಿನಿಯರಿಂಗ್ ಓದಿದವರಿಗೆ ಟರ್ಬೊ ಸಿ ಕಂಪೈಲರಿನ (ಬರೆದ ಪ್ರೋಗ್ರಾಂ ಅನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಸಲಕರಣೆ) ನೀಲಿ ಪರದೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುತ್ತದೆ. ಹಾಸ್ಟೆಲಿನಲ್ಲಿ ಅದರ ಸಿ.ಡಿ. ಕೈಯಿಂದ ಕೈಗೆ ದಾಟುತ್ತಿತ್ತು. ಅದು ಬೋರ್ಲ್ಯಾಂಡ್ ಎಂಬ ಅಮೆರಿಕದ ಕಂಪನಿ ಬೆಲೆ ಇಟ್ಟು ಮಾರಿದ ಸರಕು ಎಂಬುದು ನಮ್ಮಲ್ಲಿ ಬಹುತೇಕರಿಗೆ ಗೊತ್ತೇ ಇರಲಿಲ್ಲ. ಇದೇ ಊರಿನಲ್ಲಿ ಓದಿ ಈಗ ಇಲ್ಲಿಯೇ ಪಾಠ ಹೇಳುತ್ತಿರುವ ನನಗೂ, ಕಂಪೈಲರ್ ಬರೆದವರಿಗೆ ಸಂಬಳ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಎದುರಾದದ್ದು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆಯೇ. ಆ ಪ್ರಶ್ನೆಗೆ ಕಳೆದ ಐದು ದಶಕಗಳಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ.

ಮೊದಲು ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ಯಂತ್ರ ಕೊಂಡವರಿಗೆ ಅದರ ಜೊತೆಗೆ ಪ್ರೋಗ್ರಾಂಗಳೂ ಬರುತ್ತಿದ್ದವು. 1969ರ ಜೂನ್‌ನಲ್ಲಿ ಐ.ಬಿ.ಎಂ. ಕಂಪನಿ ತಂತ್ರಾಂಶ ಮತ್ತು ಸೇವೆಗಳ ದರವನ್ನು ಯಂತ್ರದ ದರದಿಂದ ಬೇರ್ಪಡಿಸುವುದಾಗಿ ಘೋಷಿಸಿದ ಮೇಲೆ, ತಂತ್ರಾಂಶವನ್ನಷ್ಟೇ ಬರೆದು ಮಾರಿ ಬದುಕುವವರಿಗೆ ಮಾರುಕಟ್ಟೆ ತೆರೆದುಕೊಂಡಿತು. 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಹವ್ಯಾಸಿ ಗಣಕಪ್ರಿಯರಿಗೆ ಬರೆದ ಬಹಿರಂಗ ಪತ್ರ ತಂತ್ರಾಂಶಕ್ಕೆ ಹಣ ಕೊಡಬೇಕೆಂಬ ವಾದವನ್ನು ಬೀದಿಗೆ ತಂದಿತು. ಆಲ್ಟೇರ್ ಎಂಬ ಪುಟ್ಟ ಗಣಕಯಂತ್ರಕ್ಕಾಗಿ ತಾವು ಬರೆದ ಬೇಸಿಕ್ ಭಾಷೆಯ ಆವೃತ್ತಿಯನ್ನು ಬಳಸುವವರಲ್ಲಿ ಹೆಚ್ಚಿನವರು ಹಣ ಕೊಟ್ಟಿಲ್ಲ, ಹೀಗಾದರೆ ಒಳ್ಳೆಯ ತಂತ್ರಾಂಶ ಬರೆಯಲು ಯಾರು ಮುಂದೆ ಬರುತ್ತಾರೆ ಎಂದು ಅವರು ಅದರಲ್ಲಿ ಕೇಳಿದ್ದರು. ಆ ಬೇಸಿಕ್ ಕೂಡ ಪ್ರೋಗ್ರಾಂ ಬರೆಯುವವರ ಸಲಕರಣೆಯೇ ಆಗಿತ್ತೆಂಬುದನ್ನು ಗಮನಿಸಬೇಕು.

ಬೋರ್ಲ್ಯಾಂಡ್ ಹಿಡಿದ ದಾರಿ ಬೇರೆ. ಕಂಪೈಲರುಗಳಿಗೆ ನೂರಾರು ಡಾಲರ್ ಕೊಡಬೇಕಾಗಿದ್ದ 1983ರಲ್ಲಿ ಅದು ಟರ್ಬೊ ಪ್ಯಾಸ್ಕಲ್ ಎಂಬ ಕಂಪೈಲರನ್ನು 49.95 ಡಾಲರಿಗೆ, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 500 ರೂಪಾಯಿಗೆ ಮಾರಿತು. ಬೆಲೆ ಕೈಗೆಟುಕುವಂತಿದ್ದರೆ ಕದಿಯುವುದಕ್ಕಿಂತ ಕೊಳ್ಳಲು ಜನ ಮುಂದಾಗುತ್ತಾರೆ ಎಂಬ ಲೆಕ್ಕಾಚಾರ ಅಲ್ಲಿ ಫಲಿಸಿತು.

ಅದೇ 1983ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ಸ್ಟಾಲ್‌ಮನ್ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಈ ಮುಕ್ತ ತಂತ್ರಾಂಶ ಚಳವಳಿಯ ಬಗ್ಗೆ ಇಂಗ್ಲಿಷಿನ ‘ಫ್ರೀ’ ಎಂಬ ಪದದಿಂದ ಹುಟ್ಟಿ ಇಂದಿಗೂ ಬಗೆಹರಿಯದ ಒಂದು ಗೊಂದಲವನ್ನು ಕನ್ನಡ ತಾನಾಗಿಯೇ ಬಿಡಿಸಿಕೊಟ್ಟಿದೆ. ನಮ್ಮಲ್ಲಿ ‘ಮುಕ್ತ’ ಬೇರೆ, ‘ಉಚಿತ’ ಬೇರೆ. ಸ್ಟಾಲ್‌ಮನ್ ಕೇಳಿದ್ದು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯವನ್ನೇ ಹೊರತು ಪುಕ್ಕಟೆ ಸರಕನ್ನಲ್ಲ. ಅವರೇ ಕೋಡ್ ಬರೆದು ತಿದ್ದುವ ಈಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರಿ ಜೀವನ ನಡೆಸಿದ್ದುಂಟು. 1989ರಲ್ಲಿ ಹುಟ್ಟಿದ ಸಿಗ್ನಸ್ ಎಂಬ ಕಂಪನಿ ಜಿ.ಸಿ.ಸಿ. ಕಂಪೈಲರ್ ಮುಂತಾದ ಮುಕ್ತ ಸಲಕರಣೆಗಳನ್ನು ಹೊಸ ಹೊಸ ಚಿಪ್ಪುಗಳಿಗೆ ಒಗ್ಗಿಸಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡು ಹತ್ತು ವರ್ಷ ಬೆಳೆಯಿತು. ಬಳಿಕ ರೆಡ್ ಹ್ಯಾಟ್ ಅದನ್ನು ಕೊಂಡುಕೊಂಡಿತು. ಮುಕ್ತ ತಂತ್ರಾಂಶಕ್ಕೆ ಹಣ ಕೇಳುವುದು ಅದರ ತತ್ವಕ್ಕೆ ವಿರುದ್ಧವೆಂದು ನನ್ನ ವಿದ್ಯಾರ್ಥಿಗಳು ಹೇಳಿದಾಗಲೆಲ್ಲ ಈ ಎರಡು ಉದಾಹರಣೆಗಳನ್ನು ಅವರ ಮುಂದಿಡುತ್ತೇನೆ.

ಉಚಿತವೆಂದರೆ ಸಹಜ ಎಂಬ ಭಾವನೆ ಬೇರೂರಿದ್ದು ಆಮೇಲೆ, ದೊಡ್ಡ ಕಂಪನಿಗಳು ಸಲಕರಣೆಗಳನ್ನು ಬೆಲೆಯಿಲ್ಲದೆ ಕೊಡತೊಡಗಿದಾಗ. ಐ.ಬಿ.ಎಂ. 2001ರಲ್ಲಿ ಪ್ರೋಗ್ರಾಂ ಬರೆಯುವ ಎಕ್ಲಿಪ್ಸ್ ಸಲಕರಣೆಯನ್ನು ಮುಕ್ತಗೊಳಿಸಿತು. ಮೈಕ್ರೋಸಾಫ್ಟ್ 2015ರಲ್ಲಿ ಅಂಥದೇ ವಿಷುಯಲ್ ಸ್ಟುಡಿಯೋ ಕೋಡ್ ಅನ್ನು ಹೊರತಂದಿತು. 2018ರಲ್ಲಿ 750 ಕೋಟಿ ಡಾಲರಿಗೆ, ಕೋಡ್ ಕೂಡಿಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಅನ್ನು ಕೊಂಡು, ಹಿಂದೆ ಹಣ ತೆರಬೇಕಾಗಿದ್ದ ಖಾಸಗಿ ಭಂಡಾರಗಳನ್ನು ನಂತರದ ಎರಡು ವರ್ಷಗಳಲ್ಲಿ ಎಲ್ಲರಿಗೂ ಉಚಿತ ಮಾಡಿತು. ಇದರಿಂದ ಕಲಬುರಗಿಯ ಬಡ ವಿದ್ಯಾರ್ಥಿಗೂ ಬೆಂಗಳೂರಿನ ಕಂಪನಿಯವರ ಕೈಯಲ್ಲಿರುವ ಸಲಕರಣೆಯೇ ಸಿಕ್ಕಿತು. ಆ ಉಪಕಾರವನ್ನು ಸಣ್ಣದೆನ್ನಲಾರೆ. ಆದರೆ ಅದರ ಖರ್ಚನ್ನು ಈ ಕಂಪನಿಗಳು ಬೇರೆ ವ್ಯಾಪಾರದ ಲಾಭದಿಂದ ಭರಿಸುತ್ತಿದ್ದವು. ಅಂಥ ಆಸರೆಯಿಲ್ಲದೆ ಸಲಕರಣೆಯನ್ನಷ್ಟೇ ನಂಬಿ ಬದುಕುವ ಸಣ್ಣ ತಂಡ ಆ ಶೂನ್ಯ ಬೆಲೆಯೊಂದಿಗೆ ಪೈಪೋಟಿ ನಡೆಸುವುದಾದರೂ ಹೇಗೆ?

ಒಬ್ಬರ ಮರ್ಜಿಯ ಮೇಲೆ ನಿಂತ ಉಚಿತ ಎಷ್ಟು ದಿನ ಬಾಳೀತು ಎಂಬುದನ್ನು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಕಟ್ಟುವ ತಂಡ ಅನುಭವಿಸಿಯೇ ತಿಳಿಯಿತು. 2002ರಿಂದ ಅದು ಬಿಟ್‌ಕೀಪರ್ ಎಂಬ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಖಾಸಗಿ ಸಲಕರಣೆಯನ್ನು ಕೆಲವು ಷರತ್ತುಗಳೊಡನೆ ಹಣ ಕೊಡದೆ ಬಳಸುತ್ತಿತ್ತು. 2005ರಲ್ಲಿ ಮನಸ್ತಾಪ ಬೆಳೆದು ಮಾಲೀಕ ಕಂಪನಿ ಆ ಸವಲತ್ತನ್ನು ಹಿಂತೆಗೆದುಕೊಂಡಾಗ ಲಿನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಅದರ ಬದಲಿಗೆ ಗಿಟ್ ಬರೆಯಲು ಕೂತರು. ಇಂದು ಜಗತ್ತೆಲ್ಲ ಬಳಸುತ್ತಿರುವ ಗಿಟ್ ಹುಟ್ಟಿದ್ದು ಹೀಗೆ.

ಹಾಗೆಂದು ಸಂಪೂರ್ಣ ಮುಕ್ತವಾದದ್ದೆಲ್ಲ ಸುರಕ್ಷಿತವೂ ಅಲ್ಲ. ಬೀದರಿನ ನೌಬಾದ್ ಬಳಿಯ ಕರೇಜ್ ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಬಹಮನಿಗಳ ಕಾಲದಲ್ಲಿ ನೆಲದಡಿ ಕೊರೆದ ಆ ಸುರಂಗ ಕಾಲುವೆ ಮೇಲೆ ನಡೆದಾಡುವವರ ಕಣ್ಣಿಗೆ ಬೀಳುವುದಿಲ್ಲ. ನೀರು ಹರಿಯುತ್ತಿರುವವರೆಗೂ ಹೂಳೆತ್ತುವವರ ನೆನಪು ಯಾರಿಗೂ ಬರುವುದಿಲ್ಲ. ಹೂಳೆತ್ತುವವರೇ ಇಲ್ಲವಾದಾಗ ಕಾಲುವೆ ಮುಚ್ಚಿಹೋಗುತ್ತದೆ. ಓಪನ್‌ಎಸ್‌ಎಸ್‌ಎಲ್ ಎಂಬ, ಜಾಲದಲ್ಲಿ ಸಾಗುವ ಮಾಹಿತಿಯನ್ನು ಗುಪ್ತಲಿಪಿಯಾಗಿಸುವ ತಂತ್ರಾಂಶವೂ ಅಂಥ ನೆಲದಡಿಯ ಕಾಲುವೆ. ಇಂಟರ್‌ನೆಟ್ಟಿನ ಬಹುಪಾಲು ಸುರಕ್ಷಿತ ವ್ಯವಹಾರಗಳು ಅದರ ಮೂಲಕ ನಡೆಯುತ್ತಿದ್ದಾಗಲೂ ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಗಂಭೀರ ದೋಷ ಅದರಲ್ಲಿ ಬಯಲಾದ ಮೇಲಷ್ಟೇ ಲಿನಕ್ಸ್ ಫೌಂಡೇಶನ್ ಮುಂದಾಳತ್ವದಲ್ಲಿ ದೊಡ್ಡ ಕಂಪನಿಗಳು ಹಣ ಕೂಡಿಸಿದವು. ಆದರೂ 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಯುಟಿಲ್ಸ್ ಎಂಬ ಕಡತ ಕುಗ್ಗಿಸುವ ಸಲಕರಣೆಯ ಪ್ರಕರಣ ಅದೇ ಗಾಯವನ್ನು ಮತ್ತೆ ತೋರಿಸಿತು. ಬಹುಕಾಲ ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದ ಯೋಜನೆಯೊಳಗೆ ಸಹಾಯಕರ ವೇಷದಲ್ಲಿ ಬಂದವರು ಕಳ್ಳಬಾಗಿಲು ಇಟ್ಟಿದ್ದರು. ದೇಣಿಗೆಯೊಂದನ್ನೇ ನೆಚ್ಚಿ ಕೂರುವುದು ಸಾಲದು ಎಂಬ ನನ್ನ ನಿಲುವಿಗೆ ಇವೇ ಕಾರಣ.

ಹಾಗಾದರೆ ಹಣ ಕೇಳುವ ಸರಿಯಾದ ರೀತಿ ಯಾವುದು? ಮೈಕ್ ಪರ್ಹಾಮ್ 2012ರಲ್ಲಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಗಾಗಿ ಬರೆದ, ಹಿನ್ನೆಲೆಯಲ್ಲಿ ಕೆಲಸಗಳನ್ನು ನಡೆಸುವ ಸೈಡ್‌ಕಿಕ್ ನನಗೆ ಬಹಳ ಇಷ್ಟವಾದ ಉದಾಹರಣೆ. ಅದರ ಮೂಲ ಭಾಗ ಎಲ್ಲರಿಗೂ ತೆರೆದಿದೆ. ದೊಡ್ಡ ವ್ಯವಹಾರದವರಿಗೆ ಬೇಕಾಗುವ ಹೆಚ್ಚುವರಿ ಸೌಲಭ್ಯಗಳಿಗೆ ಚಂದಾ ಕಟ್ಟಬೇಕು. ಜೆಟ್‌ಬ್ರೈನ್ಸ್ ಕಂಪನಿ 2015ರಲ್ಲಿ ಚಂದಾ ನಿಂತರೆ ಸಲಕರಣೆಯೂ ನಿಲ್ಲುವಂಥ ಯೋಜನೆ ಪ್ರಕಟಿಸಿ ಬಳಕೆದಾರರ ಸಿಟ್ಟಿಗೆ ಗುರಿಯಾಯಿತು. ಕೆಲವೇ ವಾರಗಳಲ್ಲಿ ಅದನ್ನು ತಿದ್ದಿ, ಒಂದು ವರ್ಷ ಹಣ ಕಟ್ಟಿದವರಿಗೆ ಒಂದು ಆವೃತ್ತಿಯಾದರೂ ಶಾಶ್ವತವಾಗಿ ಉಳಿಯುವಂತೆ ಮಾಡಿತು. ಪ್ರೋಗ್ರಾಂಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ರೀತಿ ಓಡುವಂತೆ ಕಟ್ಟಿಡುವ ಸಲಕರಣೆಯ ಕಂಪನಿ ಡಾಕರ್ 2021ರಲ್ಲಿ ತನ್ನ ಡೆಸ್ಕ್‌ಟಾಪ್ ಆವೃತ್ತಿಗೆ ಬೆಲೆ ಇಟ್ಟಾಗ 250ಕ್ಕಿಂತ ಕಡಿಮೆ ನೌಕರರೂ 1 ಕೋಟಿ ಡಾಲರಿಗಿಂತ ಕಡಿಮೆ ವಾರ್ಷಿಕ ಆದಾಯವೂ ಇರುವ ಸಂಸ್ಥೆಗಳನ್ನು, ವಿದ್ಯಾರ್ಥಿಗಳನ್ನು ಅದರಿಂದ ಹೊರಗಿಟ್ಟಿತು. ಗಳಿಸುವವರಿಂದ ಕೇಳುವುದು, ಕಲಿಯುವವರನ್ನು ಬಿಡುವುದು ನನಗೆ ನ್ಯಾಯವಾಗಿ ಕಾಣುತ್ತದೆ. ಹಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಮಾಡಿದ್ದು ಹಾಗಲ್ಲ. ವರ್ಷಗಟ್ಟಲೆ ಹೊರಗಿನವರ ಕೊಡುಗೆ ಪಡೆದು ಬೆಳೆದ, ಸರ್ವರುಗಳನ್ನು ಸಜ್ಜುಗೊಳಿಸುವ ಟೆರಾಫಾರ್ಮ್‌ನ ಪರವಾನಗಿಯನ್ನು ಅದು ನಡುದಾರಿಯಲ್ಲಿ ಬಿಗಿಗೊಳಿಸಿತು. ಮುನಿದವರು ಹಳೆಯ ಕೋಡಿನಿಂದ ಓಪನ್‌ಟೋಫು ಎಂಬ ಕವಲನ್ನು ಕಟ್ಟಿಕೊಂಡು ಹೊರನಡೆದರು.

ನಮ್ಮ ಭಾಗದವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಬೆಲೆಗಳು ಡಾಲರಿನಲ್ಲಿರುತ್ತವೆ, ಇಲ್ಲಿನ ಎಷ್ಟೋ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ಪಾವತಿ ನಡೆಯುವುದಿಲ್ಲ. ತೊಗರಿ ಬೇಳೆ ಮಿಲ್ಲಿಗೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಡುವ ಇಬ್ಬರು ಹುಡುಗರಿಗೆ ತಿಂಗಳಿಗೆ 20 ಡಾಲರ್ ದೊಡ್ಡ ಮೊತ್ತವೇ. ದೇಶದೊಳಗಿನಿಂದಲೇ ಹಣ ಹರಿಯಬೇಕೆಂಬ ಮಾತಿಗೆ ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರಲ್ಲಿ ಘೋಷಿಸಿದ ನಿಧಿ ಬಲ ತಂದಿದೆ. ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದು ಅದರ ಉದ್ದೇಶ.

ನನ್ನ ಇಬ್ಬರು ಹಳೆಯ ವಿದ್ಯಾರ್ಥಿನಿಯರು ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿರುವ ಕನ್ನಡ ಕಡತಗಳನ್ನು ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯುನಿಕೋಡಿಗೆ ಬದಲಿಸುವ ಪ್ರೋಗ್ರಾಂ ಸಂಗ್ರಹವೊಂದನ್ನು ಕಟ್ಟಿ ಹಂಚುತ್ತಿದ್ದಾರೆ. ಒತ್ತಕ್ಷರ ತಪ್ಪಿದಾಗಲೆಲ್ಲ ರಾತ್ರಿ ಕರೆ ಬರುತ್ತದೆ, “ಮೇಡಂ, ನಾಳೆ ಪುಸ್ತಕ ಪ್ರಿಂಟಿಗೆ ಹೋಗಬೇಕ್ರೀ” ಎಂದು. ಇಬ್ಬರಿಗೂ ಹಗಲಿಗೆ ಬೇರೆ ನೌಕರಿಯಿದೆ. ಹಣ ಕೇಳಿದರೆ ಕನ್ನಡದ ಕೆಲಸಕ್ಕೂ ರೇಟು ಕಟ್ಟಿದರು ಎಂದಾರೆಂಬ ಅಂಜಿಕೆ ಅವರಿಗಿತ್ತು. ಕೇಳಲೇಬೇಕೆಂದು ನಾನು ಹಟ ಹಿಡಿದೆ. ಕೋಡ್ ಮುಕ್ತವಾಗಿಯೇ ಇರುತ್ತದೆ, ಶಾಲೆ ಕಾಲೇಜುಗಳಿಗೆ ಬೆಲೆಯಿಲ್ಲ, ಮುದ್ರಣಾಲಯಗಳೂ ತಂತ್ರಾಂಶ ಕಂಪನಿಗಳೂ ದುರಸ್ತಿ ಮತ್ತು ನೆರವಿಗೆ ವಾರ್ಷಿಕ ಚಂದಾ ಕೊಡಬೇಕು ಎಂದು ಕಡೆಗೆ ಗೊತ್ತುಮಾಡಿಕೊಂಡಿದ್ದಾರೆ. ಯುಪಿಐ ಮೂಲಕ ಕಟ್ಟಬಹುದಾದ ಆ ದರಪಟ್ಟಿಯನ್ನು ರೂಪಾಯಿಯಲ್ಲಿ, ಕನ್ನಡದಲ್ಲಿ ಬರೆದು ಈ ವಾರ ನನಗೆ ತಿದ್ದಲು ಕೊಟ್ಟಿದ್ದಾರೆ.