ರಂಗಯ್ಯನಬಾಗಿಲು ಪೇಟೆಯ ನಡುವೆ ಏಕಿದೆ?

ಪ್ರಶ್ನೆ: ಚಿತ್ರದುರ್ಗದ ಕೋಟೆ ಇರುವುದು ಬೆಟ್ಟದ ಮೇಲೆ. ಹೀಗಿರುವಾಗ ರಂಗಯ್ಯನಬಾಗಿಲು ಅಷ್ಟು ದೂರದಲ್ಲಿ, ಅಂಗಡಿ ಮನೆಗಳ ನಡುವೆ ಒಂಟಿಯಾಗಿ ನಿಂತಿರುವುದೇಕೆ? ಅದು ಕೋಟೆಗೆ ಸೇರಿದ್ದೇ, ಇಲ್ಲವೇ ಊರಿಗಾಗಿ ಕಟ್ಟಿಸಿದ ಮಹಾದ್ವಾರವೇ?

ಉತ್ತರ: ಅದು ಕೋಟೆಯ ಬಾಗಿಲೇ. ಬಾಗಿಲು ತನ್ನ ಜಾಗದಲ್ಲಿಯೇ ಉಳಿದಿದೆ. ಅದರ ಎರಡೂ ಬದಿಗೆ ಸಾಗುತ್ತಿದ್ದ ಗೋಡೆ ಬಹುಪಾಲು ಹೋಗಿಬಿಟ್ಟಿದೆ.

ದುರ್ಗವನ್ನು ಏಳುಸುತ್ತಿನ ಕೋಟೆ ಎನ್ನುತ್ತೇವೆ. ಆದರೆ ಆ ಏಳೂ ಸುತ್ತುಗಳು ಬೆಟ್ಟದ ಮೇಲಿರಲಿಲ್ಲ; ನಾಲ್ಕು ಬೆಟ್ಟದ ಮೇಲೆ, ಮೂರು ಕೆಳಗಿನ ಬಯಲಿನಲ್ಲಿ ಇದ್ದವು. ಬಯಲಿನ ಸುತ್ತುಗಳ ಒಳಗೆ ಪೇಟೆ ಇತ್ತು. ರಂಗಯ್ಯನಬಾಗಿಲು, ಸಿದ್ದಯ್ಯನಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಎಂಬ ನಾಲ್ಕು ಹೆಬ್ಬಾಗಿಲುಗಳು ಹೊರಗಿನಿಂದ ಬರುವವರಿಗೆ ದಾರಿಯಾಗಿದ್ದವು. ಆದ್ದರಿಂದ ಇಂದು ಟಿಕೆಟ್ ಪಡೆದು ಒಳಹೋಗುವ ಜಾಗದಿಂದ ಕೋಟೆ ಆರಂಭವಾಗುತ್ತದೆ ಎಂಬ ಎಣಿಕೆಯೇ ಸರಿಯಲ್ಲ. ದೊಡ್ಡಪೇಟೆಯಲ್ಲಿ ವ್ಯಾಪಾರಕ್ಕೆಂದು ಬಂದವರು ಆಗಲೇ ಕೋಟೆಯ ಒಳಗಿರುತ್ತಾರೆ.

ಬೆಟ್ಟದ ಗೋಡೆಗೂ ಬಯಲಿನ ಗೋಡೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮೇಲೆ ಹೆಬ್ಬಂಡೆಗಳೇ ಅರ್ಧ ಕೋಟೆಯಾಗಿರುವುದರಿಂದ, ಒಂದು ಬಂಡೆಗೂ ಇನ್ನೊಂದು ಬಂಡೆಗೂ ನಡುವಿನ ತೆರಪನ್ನು ಕಲ್ಲಿನಿಂದ ತುಂಬಿದರೆ ಎಷ್ಟೋ ಕಡೆ ಗೋಡೆ ಪೂರ್ಣಗೊಳ್ಳುತ್ತಿತ್ತು. ಕೆಳಗೆ ಅಂಥ ಆಸರೆ ಇಲ್ಲ; ಉದ್ದಕ್ಕೂ ಗೋಡೆಯನ್ನು ಎಬ್ಬಿಸಬೇಕಿತ್ತು, ಅದರ ಹೊರಗೆ ಕಂದಕವನ್ನೂ ತೋಡಬೇಕಿತ್ತು. ಅದಕ್ಕೆ ಬೇಕಾದ ಕಲ್ಲನ್ನು ಸೀಳಿದ ಬಗೆ ಈಗಲೂ ಕಣ್ಣಿಗೆ ಕಾಣುವಂತಿದೆ: ಬೆಟ್ಟದ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚಿಕ್ಕ ಚಿಕ್ಕ ಗುಳಿಗಳಿವೆ. ಆ ಸಾಲಿನಲ್ಲಿ ಬೆಣೆ ಹೊಡೆದರೆ ಬಂಡೆ ನೇರವಾಗಿ ಸೀಳುತ್ತಿತ್ತು. ಹಾಗೆ ಸೀಳಿದ ಕಲ್ಲುಗಳನ್ನು ಗಾರೆಯಿಲ್ಲದೆ ಬಿಗಿಯಾಗಿ ಜೋಡಿಸಿದ ಗೋಡೆಗಳ ಮುಂದೆ ನಿಂತಾಗ ಆ ಕಲ್ಲುಕುಟಿಗರ ಹೆಸರುಗಳು ಎಲ್ಲಿಯೂ ಉಳಿಯಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಇನ್ನು ಗೋಡೆ ಹೋದದ್ದು ಹೇಗೆ? 1568ರಲ್ಲಿ ತಿಮ್ಮಣ್ಣನಾಯಕನಿಂದ ಆರಂಭವಾದ ನಾಯಕರ ಆಳ್ವಿಕೆ 1779ರಲ್ಲಿ ಮುಗಿಯಿತು. ಹೈದರಾಲಿ ಕೋಟೆಯನ್ನು ಗೆದ್ದು ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕೋಟೆಯ ಕೆಲಸ ಮುಂದುವರಿಯಿತಾದರೂ, 1799ರ ನಂತರ ಊರಿಗೆ ಗೋಡೆಯ ಕಾವಲು ಬೇಕಾಗಲಿಲ್ಲ. ಬೆಟ್ಟದ ಮೇಲೆ ಜಾಗಕ್ಕಾಗಿ ಯಾರೂ ಪೈಪೋಟಿ ನಡೆಸಲಿಲ್ಲ. ಬಯಲಿನಲ್ಲಿ ಬೀದಿಗೂ ಮನೆಗೂ ಜಾಗ ಬೇಕಾಯಿತು, ಗೋಡೆಯ ನೆಲವನ್ನು ಊರು ನುಂಗಿತು.

ಗೋಡೆ ಹೋದರೂ ಪೇಟೆಯನ್ನೂ ಬೆಟ್ಟವನ್ನೂ ಕೂಡಿಸುವ ಇನ್ನೊಂದು ಸಾಕ್ಷಿ ನೀರಿನದು. ಬೆಟ್ಟದ ಬಂಡೆಗಳ ಮೇಲೆ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿ ಹರಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಬೆಟ್ಟದ ಬುಡದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಸೇರುವಂತೆ ದಾರಿ ಮಾಡಲಾಗಿತ್ತು. ಮೇಲೆ ಪಹರೆ ನಿಂತವರೂ ಕೆಳಗೆ ಸಂತೆಗೆ ಬಂದವರೂ ಒಂದೇ ಮಳೆಯ ನೀರನ್ನು ಬಳಸುತ್ತಿದ್ದರು. ಪೇಟೆಯನ್ನು ಕೋಟೆಯ ಹೊರಗಿನದೆಂದು ಬಗೆದವರು ಇಂಥ ಏರ್ಪಾಡನ್ನು ಮಾಡುತ್ತಿರಲಿಲ್ಲ. ನಾಯಕರ ಆರಾಧ್ಯದೇವತೆಯಾದ ಉಚ್ಚಂಗಿ ಯಲ್ಲಮ್ಮನ ಗುಡಿಯೂ ಈ ಹಳೆಯ ಪೇಟೆಯಲ್ಲಿಯೇ ಇದೆ.

ಇವನ್ನು ನೋಡಲು ಹೊರಡುವವರು ರಂಗಯ್ಯನಬಾಗಿಲಿನಿಂದ ಆರಂಭಿಸುವುದು ಒಳ್ಳೆಯದು. ಸರ್ಕಾರಿ ವಸ್ತುಸಂಗ್ರಹಾಲಯವೂ ಅಲ್ಲಿಯೇ ಇದೆ. ಅಲ್ಲಿಂದ ಉಚ್ಚಂಗಿ ಯಲ್ಲಮ್ಮನ ಗುಡಿ, ದೊಡ್ಡಪೇಟೆ, ಸಂತೆಹೊಂಡಗಳನ್ನು ನೋಡಿಕೊಂಡು, ಸಿಹಿನೀರು ಹೊಂಡದ ಕಡೆಯಿಂದ ಬೆಟ್ಟಕ್ಕೆ ಸಾಗಬಹುದು. ಮಳೆ ಚೆನ್ನಾಗಿ ಆದ ವರ್ಷ, ಮೇಲಿನ ಹೊಂಡಗಳು ತುಂಬಿದ ಮೇಲೆ ಹೋದರೆ ನೀರು ಇಳಿದು ಬರುವ ದಾರಿಯೂ ತಿಳಿಯುತ್ತದೆ.