ಫಿಟ್ಸ್ ಹುಟ್ಟುವ ಜಾಗ ಹುಡುಕುತ್ತಾ

ಬೈಂದೂರು, ಕುಂದಾಪುರ ಕಡೆಯಿಂದ ಮಣಿಪಾಲಕ್ಕೆ ಬರುವ ಬಸ್ಸಿನಲ್ಲಿ ಮಡಿಲ ಮೇಲೆ ದೊಡ್ಡ ಸ್ಕ್ಯಾನ್ ಕವರ್ ಇಟ್ಟುಕೊಂಡು ಕೂತವರನ್ನು ನೀವೂ ನೋಡಿರುತ್ತೀರಿ. ಮಗುವಿಗೆ ಫಿಟ್ಸ್ ಬರ್ತಾ ಇದೆ, ಎಂಆರ್‌ಐ ರಿಪೋರ್ಟ್ ಮಾತ್ರ 'ನಾರ್ಮಲ್'. ಎಲ್ಲ ಸರಿ ಇದ್ದರೆ ಫಿಟ್ಸ್ ಎಲ್ಲಿಂದ ಬರ್ತದೆ?

1886ರಲ್ಲಿ ಲಂಡನ್ನಿನ ಸರ್ಜನ್ ವಿಕ್ಟರ್ ಹಾರ್ಸ್ಲಿ ಫಿಟ್ಸ್‌ಗೆ ಆಪರೇಷನ್ ಮಾಡಿದಾಗ ಎಕ್ಸ್‌ರೇ ಕೂಡ ಬಂದಿರಲಿಲ್ಲ. ಸೆಳೆತ ದೇಹದ ಯಾವ ಭಾಗದಲ್ಲಿ ಶುರುವಾಗುತ್ತದೆ ಅನ್ನುವುದೇ ದೊಡ್ಡ ಸುಳಿವು. 1929ರಲ್ಲಿ ಜರ್ಮನಿಯ ಡಾಕ್ಟರ್ ಹಾನ್ಸ್ ಬರ್ಗರ್, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಬಗ್ಗೆ ಬರೆದರು, 1971ರಲ್ಲಿ ಸಿಟಿ ಸ್ಕ್ಯಾನ್ ಬಂತು. ಗಡ್ಡೆ ಕಂಡಿತು, ಲಾಡಿಹುಳದ ಮರಿ ಮಿದುಳಲ್ಲಿ ಮಾಡಿದ ಗುಳ್ಳೆಯೂ ಕಂಡಿತು. ಸಣ್ಣ ಕಲೆಗಳು ಕಾಣಲಿಲ್ಲ.

ಅವು ಕಂಡದ್ದು ಎಂಆರ್‌ಐನಲ್ಲಿ. ಕಿವಿಯ ನೇರಕ್ಕೆ, ತಲೆಯ ಒಳಗೆ, ಎರಡೂ ಕಡೆ ಬಾಗಿದ ಬೆರಳಿನಂಥ ಭಾಗವೊಂದಿದೆ, ಹಿಪ್ಪೊಕ್ಯಾಂಪಸ್. ಹೊಟ್ಟೆಯಿಂದ ಏನೋ ಮೇಲೆ ಬಂದ ಹಾಗಾಗಿ, ಕಣ್ಣು ನೆಟ್ಟು, ಬಾಯಿ ಚಪ್ಪರಿಸುವ ಫಿಟ್ಸ್ ಬರುವ ಅನೇಕರಲ್ಲಿ ಇದು ಒಂದು ಕಡೆ ಸೊರಗಿರುತ್ತದೆ. ಆದರೆ ಸುಮ್ನೆ ಸ್ಕ್ಯಾನ್ ಮಾಡಿದರೆ ಸಾಲದು. ಅಂಜಲ್ ಮೀನನ್ನು ಅಡ್ಡ ಕೊಯ್ದರೆ ಕಾಣುವುದೇ ಬೇರೆ, ಉದ್ದ ಕೊಯ್ದರೆ ಬೇರೆ ಅಲ್ವಾ? ಹಾಗೇ ಇಲ್ಲೂ ಚಿತ್ರವನ್ನು ಹಿಪ್ಪೊಕ್ಯಾಂಪಸ್‌ಗೆ ಅಡ್ಡಲಾಗಿ, ತೆಳುವಾಗಿ ತೆಗೀಬೇಕು. ಇಲ್ಲದಿದ್ದರೆ ಕಲೆ ಎರಡು ಚಿತ್ರಗಳ ನಡುವೆಯೇ ತಪ್ಪಿಸಿಕೊಳ್ಳಬಹುದು, ಮನೆಯವರು ಆ 'ನಾರ್ಮಲ್' ನಂಬಿಕೊಂಡು ವರ್ಷಗಟ್ಟಲೆ ಕೂತಿರುತ್ತಾರೆ. ಚೀಟಿಯಲ್ಲಿ ಬರೀ 'ಬ್ರೇನ್ ಎಂಆರ್‌ಐ' ಅಂತ ಬರೆದು, ಫಿಟ್ಸ್ ಹೇಗೆ ಬರುತ್ತದೆ ಅನ್ನುವ ಒಂದು ಸಾಲೂ ಇಲ್ಲದಿದ್ದರೆ ಸ್ಕ್ಯಾನ್ ನೋಡುವವರಾದರೂ ಎಲ್ಲಿ ಹುಡುಕಬೇಕು?

ಎಂಆರ್‌ಐಗೂ ಸಿಗದಿದ್ದರೆ ಪೆಟ್ ಸ್ಕ್ಯಾನ್ ಇದೆ, ಫಿಟ್ಸ್ ಇಲ್ಲದ ಹೊತ್ತಲ್ಲಿ ಸಕ್ಕರೆ ಕಡಿಮೆ ಬಳಸುವ ಜಾಗವನ್ನು ಅದು ತೋರಿಸುತ್ತದೆ. ಸ್ಪೆಕ್ಟ್ ಅನ್ನುವ ಇನ್ನೊಂದು ಸ್ಕ್ಯಾನಿನದ್ದು ಇನ್ನೂ ತಾಳ್ಮೆಯ ಕೆಲಸ. ಸಿರಿಂಜ್ ಸಿದ್ಧ ಮಾಡಿಟ್ಟುಕೊಂಡು ಕಾಯಬೇಕು, ಫಿಟ್ಸ್ ಶುರುವಾದ ಕೆಲವೇ ಸೆಕೆಂಡಿನಲ್ಲಿ ಸ್ಕ್ಯಾನಿನಲ್ಲಿ ಗುರುತು ತೋರಿಸುವ ಔಷಧ ರಕ್ತಕ್ಕೆ ಹೋಗಬೇಕು. ರಕ್ತ ಜಾಸ್ತಿ ನುಗ್ಗಿದ ಜಾಗದಲ್ಲಿ ಅದು ಉಳಿಯುತ್ತದೆ, ಚಿತ್ರವನ್ನು ಆಮೇಲೆ ನಿಧಾನವಾಗಿ ತೆಗೆದರೂ ಆಯಿತು. ಇಷ್ಟಾದರೂ ಒಂದೇ ಚಿತ್ರ ನಂಬಿ ಯಾರೂ ಕತ್ತರಿ ಹಿಡಿಯುವುದಿಲ್ಲ. ಫಿಟ್ಸ್ ಬರುವಾಗ ವಿಡಿಯೋ ಜೊತೆಗೇ ತೆಗೆಯುವ ಇಇಜಿ, ಅಂದರೆ ವಿಡಿಯೋ ಇಇಜಿಯೂ ಅದೇ ಜಾಗ ತೋರಿಸಬೇಕು.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ, ಫಿಟ್ಸ್ ಹುಟ್ಟುವ ಜಾಗವನ್ನೇ ಕತ್ತರಿಸಿ ತೆಗೆಯುವ ಈ ಆಪರೇಷನ್ 1995ರಿಂದ ನಡೀತಾ ಇದೆ. 2001ರಲ್ಲಿ ಕೆನಡಾದ ಅಧ್ಯಯನವೊಂದು 80 ಜನರನ್ನು ನೋಡಿತು. ಒಂದು ವರ್ಷದ ಹೊತ್ತಿಗೆ ಎಚ್ಚರ ತಪ್ಪಿಸುವ ಫಿಟ್ಸ್ ನಿಂತದ್ದು ಆಪರೇಷನ್ ಗುಂಪಿನಲ್ಲಿ ಶೇ. 58 ಜನರಿಗೆ, ಬರೀ ಮಾತ್ರೆಯ ಗುಂಪಿನಲ್ಲಿ ಶೇ. 8 ಜನರಿಗೆ. ಸರಿಯಾಗಿ ಆರಿಸಿ ಕೊಟ್ಟ ಎರಡು ಔಷಧಕ್ಕೂ ಫಿಟ್ಸ್ ನಿಲ್ಲದಿದ್ದರೆ ಈ ಪರೀಕ್ಷೆಗಳ ಬಗ್ಗೆ ಕೇಳುವ ಹೊತ್ತಾಯಿತು ಎಂದೇ ಅರ್ಥ. ಹೋಗುವಾಗ ಹಳೇ ಫಿಲ್ಮ್‌ಗಳ ಜೊತೆ, ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನೂ ಒಯ್ಯಿರಿ. ಕೈ ಮೊದಲು ಯಾವ ಕಡೆ ತಿರುಚಿತು ಅಂತ ಡಾಕ್ಟರ್ ಕೇಳಿಯೇ ಕೇಳುತ್ತಾರೆ.